ನರಗುಂದಕ್ಕೆ ಕೇಳಿಸಿದ ದನಿ

ಗಜೇಂದ್ರಗಡದ ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಹೊಳಿಯಪ್ಪ ನೋಟಿಸು ಓದಿದನೆಂದರೆ ಅತ್ತ ನರಗುಂದದಲ್ಲಿ ಹುಡುಗರು ಅರ್ಜಿ ತುಂಬಲು ಕೂಡುತ್ತಿದ್ದರು. ನಡುವೆ ಅರವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ದನಿ ಇಲ್ಲಿಂದ ಹೊರಟು, ರೋಣದ ಬಸ್ ನಿಲ್ದಾಣದಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ದಣಿವಾರಿಸಿಕೊಂಡು, ಯಾವಗಲ್ ದಾಟಿ, ನರಗುಂದದ ಗುಡ್ಡಕ್ಕೆ ಬಡಿದು ಊರೊಳಗೆ ಇಳಿಯುತ್ತಿತ್ತು. ಒಂದು ವರ್ಷ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಓದಿದ್ದಕ್ಕೆ ನರಗುಂದದಿಂದಲೇ ನಲವತ್ತು ಅರ್ಜಿ ಈ ಕಾಲೇಜಿಗೆ ಬಂದು ಬಿದ್ದವು. ಅದೇ ವರ್ಷ ದನಿ ಯಾವಗಲ್ ಮೇಲೆ ಹಾಯುವಾಗ ಒಂದು ಎಮ್ಮೆ ಬೆದರಿ ಮೂರು ದಿನ ಹಾಲು ಕೊಡಲಿಲ್ಲ. ಎಮ್ಮೆಯವನು ಟ್ರ್ಯಾಕ್ಟರ್ ಹತ್ತಿ ಬಂದು ಪ್ರಾಂಶುಪಾಲರ ಮುಂದೆ ದೂರು ಹೇಳಿ, ಹೋಗುವಾಗ ಹೊಳಿಯಪ್ಪನ ಕಾಲು ಮುಟ್ಟಿ ಹೋದ.

ಇದನ್ನೆಲ್ಲ ಕಣ್ಣಾರೆ ಕಂಡವರು ಯಾರು ಎಂದು ಕೇಳಿದರೆ ಹೊಳಿಯಪ್ಪ ಹೇಳುತ್ತಿದ್ದ: "ನಾನ ಕಂಡೇನಿ. ಮತ್ತ್ಯಾರ ಬೇಕು?"

ಹೊಳಿಯಪ್ಪ ಆ ಕಾಲೇಜಿನ ಜವಾನ. ಪುರ್ತಗೇರಿಯಿಂದ ದಿನಾ ಹಳೆಯ ಮೊಪೆಡ್ಡಿನ ಮೇಲೆ ಬರುತ್ತಾನೆ. ಇಪ್ಪತ್ತೆರಡು ವರ್ಷದ ನೌಕರಿ. ಗಂಟೆ ಬಾರಿಸುವುದು, ಫೈಲು ಒಯ್ಯುವುದು, ಚಹಾ ತರುವುದು, ನೋಟಿಸು ಪುಸ್ತಕ ಹಿಡಿದು ತರಗತಿಯಿಂದ ತರಗತಿಗೆ ಹೋಗುವುದು ಇಷ್ಟು ಅವನ ಕೆಲಸ. ಮೊದಲ ಮೂರನ್ನು ಯಾರು ಬೇಕಾದರೂ ಮಾಡಿಯಾರು. ನಾಲ್ಕನೆಯದನ್ನು ತನ್ನ ಹಾಗೆ ಮಾಡುವ ಗಂಡಸು ಇಡೀ ಕರ್ನಾಟಕದಲ್ಲಿ ಹುಟ್ಟಿಲ್ಲ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ನಿಯಮದ ಪ್ರಕಾರ ಆ ಕೆಂಪು ರಟ್ಟಿನ ಪುಸ್ತಕವನ್ನು ಅವನು ಪಾಠ ಮಾಡುತ್ತಿರುವ ಮೇಷ್ಟ್ರ ಕೈಗೆ ಕೊಡಬೇಕು, ಮೇಷ್ಟ್ರು ಓದಿ ಹೇಳಿ ಸಹಿ ಹಾಕಿ ಮರಳಿ ಕೊಡಬೇಕು. ಆದರೆ ಮೇಷ್ಟ್ರುಗಳು ಎಂದೋ ಒಮ್ಮೆ ಗಂಟಲು ಕೆಟ್ಟ ದಿನ "ನೀನ ಓದಿಬಿಡಪಾ" ಅಂದಿದ್ದರು. ಅಂದಿನಿಂದ ಅವರು ಸಹಿ ಹಾಕುತ್ತಾರೆ, ಹೊಳಿಯಪ್ಪ ಓದುತ್ತಾನೆ.

ಓದುತ್ತಾನೆ ಎಂದರೆ, ಬರೆದದ್ದನ್ನಷ್ಟೇ ಓದುವುದು ಅವನ ಪ್ರಕಾರ ಉಪ್ಪಿಲ್ಲದ ಅಡಿಗೆ ಬಡಿಸಿದ ಹಾಗೆ. ಗ್ರಂಥಾಲಯದ ಪುಸ್ತಕವನ್ನು ಸೋಮವಾರದೊಳಗೆ ಮರಳಿಸಬೇಕು ಎಂದಿದ್ದರೆ, "ಸೋಮವಾರ ದಾಟಿತೋ, ಮಂಗಳವಾರ ಮುಂಜಾನೆ ನಿಮ್ಮ ಮನಿ ಮುಂದ ಪೊಲೀಸ ಜೀಪು!" ಎಂದು ಮುಗಿಸುತ್ತಿದ್ದ. ಸವಡಿಯಲ್ಲಿ ಎನ್ನೆಸ್ಸೆಸ್ ಶಿಬಿರ ಎಂದಿದ್ದರೆ, ಅಲ್ಲಿ ಹದಿನೆಂಟು ತರದ ಪಲ್ಲೆ, ಮಲಗಲು ಹಂಸತೂಲಿಕಾ ತಲ್ಪ. ಹೋದ ಹುಡುಗರು ರೊಟ್ಟಿ ಝುಣಕ ತಿಂದು, ಸಾಲಿಯ ನೆಲದ ಮೇಲೆ ಮಲಗಿ ಬಂದು, ಸಿಟ್ಟಾಗುವ ಬದಲು ಅವನ ಬೆನ್ನು ಚಪ್ಪರಿಸುತ್ತಿದ್ದರು. ಯಾಕೆಂದರೆ ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಪ್ರತಿಯೊಬ್ಬರಿಗೂ ಒಂದು ಲೆಕ್ಕ ಗೊತ್ತಾಗಿರುತ್ತಿತ್ತು: ಹೊಳಿಯಪ್ಪ ಕಾಕಾ ನೂರು ಅಂದರೆ ಹತ್ತು ಹಿಡಿಯಬೇಕು, ಹತ್ತು ಅಂದರೆ ಮೇಷ್ಟ್ರನ್ನು ಕೇಳಬೇಕು.

ಹೊಸಬರಿಗೆ ಮಾತ್ರ ಆ ಲೆಕ್ಕ ಗೊತ್ತಿರುವುದಿಲ್ಲ. ಈಗಿನ ದಿನದಲ್ಲಿ ಎಲ್ಲ ಸುದ್ದಿಯೂ ಮೊಬೈಲ್ ಗ್ರೂಪಿಗೆ ಬಂದು ಬೀಳುತ್ತದೆ, ಖರೇ. ಆದರೆ ಮೊದಲ ವರ್ಷದವರ ಪ್ರವೇಶ ಮುಗಿದು, ಎಲ್ಲರ ನಂಬರು ಸೇರಿ, ಅವರದೊಂದು ಗ್ರೂಪು ಆಗಬೇಕಾದರೆ ಕಾಲೇಜು ಸುರುವಾಗಿ ಮೂರು ನಾಲ್ಕು ವಾರ ಕಳೆದಿರುತ್ತವೆ. ಅಲ್ಲಿಯ ತನಕ ಅವರ ಪಾಲಿಗೆ ಕಾಲೇಜು ಎಂದರೆ ಹೊಳಿಯಪ್ಪನ ಬಾಯಿ. ಅವನಿಗೆ ವರ್ಷದಲ್ಲಿ ಹಬ್ಬವೆಂದರೆ ಅವೇ ಮೂರು ನಾಲ್ಕು ವಾರ. ಬಾಯಿ ತೆರೆದು, ಕಣ್ಣು ಅರಳಿಸಿ, ಹೇಳಿದ್ದನ್ನೆಲ್ಲ ನುಂಗುವ ಆ ನೂರಾರು ಮುಖಗಳ ಎದುರು ಅವನ ದನಿ ನರಗುಂದವೇನು, ಬೆಳಗಾವಿಯನ್ನೂ ಮುಟ್ಟುತ್ತಿತ್ತು.

ಈ ವರ್ಷ ಪ್ರವೇಶದ ಕೊನೆಯ ದಿನ ವೀರವ್ವ ತನ್ನ ಕಿರಿಯ ಮಗಳು ನಾಗರತ್ನಾಳನ್ನು ಕರೆದುಕೊಂಡು ಬಂದಿದ್ದಳು. ನೇಕಾರ ಓಣಿಯವಳು. ಪಟ್ಟೇದಂಚಿನ ಸೀರೆ ನೇಯುವ ಕೈ. ಬೆರಳ ತುದಿಯಲ್ಲಿ ಕೆಂಪು ನೂಲಿನ ಬಣ್ಣ ಹಾಗೇ ಉಳಿದಿತ್ತು. ಆಫೀಸಿನ ಒಳಗೆ ಹೋಗಲು ಸಂಕೋಚಪಟ್ಟು ಹೊರಗೆ ಬೇವಿನ ಮರದ ಕೆಳಗೆ ನಿಂತವಳನ್ನು ಹೊಳಿಯಪ್ಪನೇ ಮಾತಾಡಿಸಿದ.

"ಯಾಕ ತಂಗಿ, ಹೊರಗ ನಿಂತಿ? ಒಳಗ ಹುಲಿ ಏನೂ ಇಲ್ಲ. ಇದ್ದದ್ದನ್ನ ನಾನ ಹೋದ ವರ್ಷ ಓಡಿಸೇನಿ."

ವೀರವ್ವ ನಗಲಿಲ್ಲ. "ಅಣ್ಣಾರ, ಒಂದು ಮಾತು ಕೇಳ್ಲೇನ್ರಿ? ಈಕಿನ್ನ ಹಚ್ಚೇನಿ. ಆದ್ರ ಬೆನಕನ ಅಮಾಸಿತನಕ ಅಂತ ಹೇಳೇನಿ. ಈಕಿ ಅಕ್ಕ ಅನ್ನಪೂರ್ಣ ಲಗ್ನ ಆಗಿ ಹೋದ್ಲು. ಆಕಿ ಮಗ್ಗ ಖಾಲಿ ಕುಂತೈತಿ. ಭಾಳ ದಿನ ಖಾಲಿ ಬಿಟ್ರ ಮಾಲಕ ನಮ್ಮ ನೂಲು ಬ್ಯಾರೆಯವ್ರಿಗೆ ಕೊಡ್ತಾನ್ರಿ. ಅಷ್ಟ್ರಾಗ ಕಾಲೇಜಿನ್ಯಾಗ ಈಕಿಗೆ ಏನರ ಒಂದು ಹಾದಿ ಕಂಡ್ರ ಓದ್ಲಿ, ನಾ ಹೆಂಗರ ಸಾಗಸ್ತೀನಿ. ಇಲ್ಲಾಂದ್ರ ಅಕ್ಕನ ಮಗ್ಗಕ್ಕ ಕುಂದರ್ಲಿ."

"ಹಾದಿ ಅಂದ್ರ?"

"ನನಗೇನ ಗೊತ್ತಾಗ್ತೈತ್ರಿ? ನೀವು ಇಲ್ಲಿ ಇರವ್ರು. ಏನರ ಬಂದ್ರ ಈಕಿ ಕಿವಿಗೆ ಹಾಕ್ರಿ. ಅಷ್ಟ."

ಹೊಳಿಯಪ್ಪ ಎದೆ ಮುಟ್ಟಿಕೊಂಡ. "ಕಿವಿಗೆ ಹಾಕೂದಽ? ವೀರವ್ವಾ, ನನ್ನ ನೋಟಿಸ ಕೇಳಿದವ್ರು ಇವತ್ತು ದಿಲ್ಲಿಯೊಳಗ ಕುರ್ಚಿ ಹಾಕ್ಕೊಂಡು ಕುಂತಾರ. ನಿನ್ನ ಮಗಳನ್ನ ವಿಮಾನ ಹತ್ತಸ್ಲಿಲ್ಲಾಂದ್ರ ಕೇಳು!"

ನಾಗರತ್ನಾ ತಲೆ ಬಗ್ಗಿಸಿ ನಕ್ಕಳು. ತಾಯಿ ಮಾತ್ರ ಎರಡೂ ಕೈ ಜೋಡಿಸಿ, ಆ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡವಳ ಹಾಗೆ ಹೋದಳು.

ಕಾಲೇಜಿನ ಗಂಟೆ ಎಂದರೆ ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ಮೊದಲ ಗಂಟೆಗೂ ಎರಡನೆಯ ಗಂಟೆಗೂ ನಡುವೆ ಹತ್ತು ನಿಮಿಷ. ಮೊದಲ ಗಂಟೆಯ ಸದ್ದು ನೇಕಾರ ಓಣಿಯ ತನಕ ಕೇಳಿಸುತ್ತಿತ್ತು. ಹೊಳಿಯಪ್ಪ ತನ್ನ ಬಗ್ಗೆ ಹೇಳಿಕೊಂಡ ಮಾತುಗಳಲ್ಲಿ ಇದೊಂದು ಖರೇ. ನಾಗರತ್ನಾ ಮುಂಜಾನೆ ರಾಟೆಯ ಮುಂದೆ ಕುಳಿತು, ತಾಯಿಗೆ ಲಾಳಿಯೊಳಗೆ ಹಾಕಲು ಇಡೀ ದಿನಕ್ಕೆ ಬೇಕಾಗುವ ನೂಲಿನ ಕಂಡಿಕೆಗಳನ್ನೆಲ್ಲ ಸುತ್ತಿಟ್ಟು, ಮೊದಲ ಗಂಟೆ ಕೇಳಿದ ಮೇಲೇ ಏಳುತ್ತಿದ್ದಳು. ಓಣಿಯಿಂದ ಕಾಲೇಜಿಗೆ ಒಂದೂವರೆ ಕಿಲೋಮೀಟರ್, ಅದೂ ಏರು ದಾರಿ. ಬಸ್ಸಿಲ್ಲ. ಅವಳು ಓಡುತ್ತಿದ್ದಳು.

ಮೊದಲ ದಿನ ಹೊಳಿಯಪ್ಪ ಅದನ್ನು ನೋಡಿದಾಗ ಸುತ್ತಿಗೆ ಹಿಡಿದ ಕೈ ಮೇಲೇ ನಿಂತಿತು. ರಸ್ತೆಯ ಒಂದು ಬದಿ ಯಾರೋ ಹೆಸರುಕಾಳು ಒಣಹಾಕಿದ್ದರು. ಅದರ ಅಂಚಿಗುಂಟ ಒಂದು ಕಾಳೂ ಸಿಡಿಯದ ಹಾಗೆ ಹುಡುಗಿ ಓಡಿ ಬರುತ್ತಿದ್ದಳು. ಬೆನ್ನಿಗೆ ಚೀಲ, ಎರಡೂ ಚಪ್ಪಲಿ ಎಡಗೈಯಲ್ಲಿ. ಚಪ್ಪಲಿಯ ಬಾರು ಕಿತ್ತರೆ ಮತ್ತೆ ಹೊಲಿಸಬೇಕಲ್ಲ ಎಂದು. ಗೇಟಿನ ಒಳಗೆ ಬಂದು, ಚಪ್ಪಲಿ ಮೆಟ್ಟಿ, ಜಡೆ ಹಿಂದೆ ಹಾಕಿ, ಏದುಸಿರಿಲ್ಲದೆ "ಬಾರಸ್ರಿ ಕಾಕಾ" ಎಂದು ನಗುತ್ತ ಒಳಗೆ ಹೋದಳು.

ಅಂದಿನಿಂದ ಅದು ದಿನದ ಆಟವಾಯಿತು. ಹೊಳಿಯಪ್ಪ ಗಡಿಯಾರ ನೋಡುವುದನ್ನು ಬಿಟ್ಟು ರಸ್ತೆ ನೋಡುತ್ತಿದ್ದ. ಒಂದೆರಡು ದಿನ ಅವಳಿಗಾಗಿ ಎರಡನೆಯ ಗಂಟೆಯನ್ನು ಅರ್ಧ ನಿಮಿಷ ತಡಮಾಡಿದ್ದೂ ಉಂಟು. ಕ್ಯಾಂಟೀನಿನಲ್ಲಿ ಹೇಳುವಾಗ, "ನೇಕಾರ ವೀರವ್ವನ ಮಗಳು ಅದಾಳಲ್ಲ, ಗಂಟಿ ಬಾರಿಸಿ ಸುತ್ತಿಗಿ ಕೆಳಗ ಇಡೂದ್ರಾಗ ಬಂದ ನಿಂತಿರ್ತಾಳ. ಹಿಂದ ಒಂದು ಬಸ್ಸು ಬರಾಕ್ಹತ್ತಿತ್ತು, ಡ್ರೈವರ್ ನಾಚಿ ಹೊಳ್ಳಿ ಹೋದ!" ಎನ್ನುತ್ತಿದ್ದ. ಕ್ರೀಡಾ ನಿರ್ದೇಶಕ ರಮಜಾನಸಾಬ ಸರ್ ಒಮ್ಮೆ ಇದನ್ನು ಕೇಳಿಸಿಕೊಂಡರು. ನೂರಕ್ಕೆ ಹತ್ತು ಹಿಡಿಯುವ ಲೆಕ್ಕ ಅವರಿಗೂ ರೂಢಿಯಾಗಿತ್ತು. ನಕ್ಕು ಚಹಾ ಮುಗಿಸಿ ಎದ್ದುಹೋದರು.

ಗಣೇಶ ಚೌತಿಗೆ ಮುಂಚಿನ ಬೆನಕನ ಅಮಾಸಿ ಆ ಸಲ ಶನಿವಾರ ಬಂದಿತ್ತು. ಅದರ ಹಿಂದಿನ ಮಂಗಳವಾರ ನೋಟಿಸು ಪುಸ್ತಕದಲ್ಲಿ ರಮಜಾನಸಾಬ ಸರ್ ಬರೆದ, ಪ್ರಾಂಶುಪಾಲರ ಸಹಿಯಿದ್ದ ಒಂದು ನೋಟಿಸು ಬಂತು. ಹೊಳಿಯಪ್ಪ ಅದನ್ನು ವರಾಂಡದಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದ. ಅವನಿಗೆ ಬೇಜಾರಾಯಿತು. ಇಷ್ಟು ದೊಡ್ಡ ಸುದ್ದಿ, ಇಷ್ಟು ಸಪ್ಪೆ ನಾಲ್ಕು ಸಾಲು. ಓಟವಂತೆ, ನರಗುಂದದಲ್ಲಿಯಂತೆ, ತಂಡಕ್ಕೆ ಆಯ್ಕೆಯಂತೆ. ಕೊನೆಯ ಸಾಲು ಓದಿ ಮೂಗು ಮುರಿದ. ಯಾರು ಬೇಕಾದರೂ ಬರಬಹುದು ಎಂದರೆ ಅದಕ್ಕೆ ಏನು ಕಿಮ್ಮತ್ತು ಉಳಿಯಿತು?

ಬಿ.ಎ. ಮೊದಲ ವರ್ಷದ ತರಗತಿಗೆ ಹೋದಾಗ ಮೇಷ್ಟ್ರು ಸಹಿ ಹಾಕಿ, ಸೀಮೆಸುಣ್ಣ ಒರೆಸಿಕೊಂಡು ಕಿಟಕಿಯ ಬಳಿ ನಿಂತರು. ಹೊಳಿಯಪ್ಪ ಪುಸ್ತಕವನ್ನು ಎದೆಯ ಎತ್ತರಕ್ಕೆ ಹಿಡಿದ. ಮೂರನೆಯ ಬೆಂಚಿನ ತುದಿಗೆ ನಾಗರತ್ನಾ ಕುಳಿತಿದ್ದಳು.

"ಲಕ್ಷ್ಯಗೊಟ್ಟು ಕೇಳ್ರಿ! ಬರುವ ಶನಿವಾರ ನರಗುಂದದ ಗುಡ್ಡದ ಮ್ಯಾಲೆ ಗುಡ್ಡಗಾಡು ಓಟ! ಓಟ ಅಂದ್ರ ಮನಿ ಹಿಂದ ಓಡೂ ಓಟ ಅಲ್ಲ. ನಲವತ್ತೆರಡು ಕಿಲೋಮೀಟರ್! ಗುಡ್ಡ ಏಳು ಸಲ ಹತ್ತಬೇಕು, ಏಳು ಸಲ ಇಳೀಬೇಕು. ದಿಲ್ಲಿಯಿಂದ ಮೂರು ಮಂದಿ ಸಾಹೇಬ್ರು ಬರ್ತಾರ, ಕೈಯಾಗ ದುರ್ಬೀನು! ಕಾಲಾಗ ಮುಳ್ಳಿನ ಬೂಟು ಇಲ್ಲದವ್ರನ್ನ ಗೇಟಿನ್ಯಾಗ ಹೊರಗ ಹಾಕ್ತಾರ. ಜಿಲ್ಲಾ ಬಹುಮಾನ ತಗೊಂಡವ್ರು, ಗಂಡೆದಿ ಇದ್ದವ್ರು, ಅಂಥವ್ರು ಗುರುವಾರ ನಾಕು ಗಂಟೆದೊಳಗ ರಮಜಾನಸಾಬ ಸರ್ ಕಡೆ ಹೆಸರು ಕೊಡ್ರಿ!"

ಬೆಂಚು ಬಡಿದ ಸದ್ದಿಗೆ ಹಂಚು ಹಾರಿ ಹೋದವು. ಅಂದರೆ, ಹಾರಿ ಹೋದಷ್ಟು ಸದ್ದಾಯಿತು. ಹೊಳಿಯಪ್ಪ ರಾಜನ ಹಾಗೆ ಹೊರಗೆ ನಡೆದ. ಪುಸ್ತಕದ ಕೊನೆಯ ಸಾಲನ್ನು ಅವನು ಓದಲೇ ಇಲ್ಲ.

ಗುರುವಾರ ಮೂರೂವರೆಗೆ ಅವನು ಆಫೀಸಿನ ಮುಂದಿನ ಕಟ್ಟೆಯ ಮೇಲೆ ಕುಳಿತು ಕೊನೆಯ ವರ್ಷದ ಶರತ ಮತ್ತು ಅವನ ಗೆಳೆಯರಿಗೆ ಯಾವಗಲ್ಲಿನ ಎಮ್ಮೆಯ ಕತೆ ಹೇಳುತ್ತಿದ್ದ. ಎಮ್ಮೆ ಈ ಸಲ ಮೂರು ದಿನದ ಬದಲು ಎಂಟು ದಿನ ಹಾಲು ಕೊಟ್ಟಿರಲಿಲ್ಲ. ಹುಡುಗರು ಹೊಟ್ಟೆ ಹಿಡಿದು ನಗುತ್ತಿದ್ದರು. ಆಗ ನಾಗರತ್ನಾ ವರಾಂಡದ ಆ ತುದಿಯಿಂದ ಬಂದಳು. ಕ್ರೀಡಾ ಕೋಣೆ ಇರುವುದು ಈ ತುದಿಗೆ. ಅರ್ಧ ದಾರಿಯಲ್ಲಿ ನಿಂತಳು. ತನ್ನ ಕಾಲು ನೋಡಿಕೊಂಡಳು. ಮತ್ತೆ ನಾಲ್ಕು ಹೆಜ್ಜೆ ಬಂದು, ಹುಡುಗರಿದ್ದಾರೆಂದು ದನಿ ತಗ್ಗಿಸಿ ಕೇಳಿದಳು.

"ಕಾಕಾ, ಬೂಟು ಇಲ್ಲದವ್ರನ್ನ ಖರೇನ ಹೊರಗ ಹಾಕ್ತಾರೇನ್ರಿ?"

ಹೊಳಿಯಪ್ಪನಿಗೆ ಒಂದು ಕ್ಷಣ ಅವಳ ಎಡಗೈಯಲ್ಲಿನ ಚಪ್ಪಲಿ ನೆನಪಿಗೆ ಬಂತು. ಹೆಸರುಕಾಳಿನ ಅಂಚಿನ ಓಟ ಬಂತು. ಇಲ್ಲವ್ವಾ, ಹೋಗು ಹೆಸರು ಬರಸು, ಎನ್ನಲು ಬಾಯಿ ತೆರೆದೂ ಇದ್ದ. ಆದರೆ ಶರತನ ಮುಖ ನಗಲು ತಯಾರಾಗಿ ಅವನನ್ನೇ ನೋಡುತ್ತಿತ್ತು. ಆ ಮುಖದ ಎದುರು ಸಣ್ಣ ಮಾತು ಆಡುವುದು ಅವನಿಗೆ ಗೊತ್ತಿರಲಿಲ್ಲ.

"ಹೊರಗ?" ಅಂದ. "ಏ ಹುಚ್ಚಿ, ಹೊರಗ ಹಾಕಿದ್ರ ಚಲೋ ಆತಲ್ಲ! ಗುಡ್ಡದ ತುದಿಯಿಂದ ಉರುಳಸ್ತಾರ! ಉರುಳಿದವ್ರು ಕೊಣ್ಣೂರ ಹೊಳಿಯೊಳಗ ಸಿಗ್ತಾರ!"

ಹುಡುಗರು ಹೋ ಎಂದು ನಕ್ಕರು. ನಾಗರತ್ನಾಳೂ ನಕ್ಕಳು. ನಗುತ್ತಲೇ ಹಿಂದಕ್ಕೆ ತಿರುಗಿ ಬಂದ ದಾರಿಯಲ್ಲೇ ಹೋದಳು. ನಾಲ್ಕು ಗಂಟೆಗೆ ಹೊಳಿಯಪ್ಪ ಎಂದಿನಂತೆ ಗಂಟೆ ಬಾರಿಸಿದ.

ಶನಿವಾರ ಅಮಾಸಿ. ಅಮಾಸಿಯ ದಿನ ನೇಕಾರ ಓಣಿಯಲ್ಲಿ ಯಾರೂ ಮಗ್ಗಕ್ಕೆ ಕೂಡುವುದಿಲ್ಲ. ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈ ಬಿಡುವು ಮಾಡಿಕೊಳ್ಳುತ್ತಾರೆ. ತಿಂಗಳಿಗೆ ಅದೊಂದೇ ದಿನ ನಾಗರತ್ನಾಳಿಗೂ ಕಂಡಿಕೆ ಸುತ್ತುವ ಕೆಲಸವಿಲ್ಲ. ಎಲ್ಲಿಗೆ ಹೋಗುತ್ತೇನೆಂದರೂ ವೀರವ್ವ ಕಳಿಸುವ ದಿನ. ಆ ದಿನ ಮುಂಜಾನೆ ಆರಕ್ಕೆ ಕಾಲೇಜಿನ ಮುಂದಿನಿಂದ ಗಾಡಿ ಹೊರಟಾಗ ಅದರಲ್ಲಿ ರಮಜಾನಸಾಬ ಸರ್ ಮತ್ತು ನಾಲ್ವರು ಹುಡುಗರು ಇದ್ದರು. ಹಿಂದಿನ ಸೀಟು ಖಾಲಿ ಇತ್ತು. ಹೊಳಿಯಪ್ಪ ಗೇಟು ತೆರೆದು, ಗಾಡಿಗೆ ಕೈ ಬೀಸಿ, ಗೇಟು ಹಾಕಿದ.

ಸೋಮವಾರ ಅವನು ಮೊದಲ ಗಂಟೆ ಬಾರಿಸಿ ರಸ್ತೆ ನೋಡಿದ. ಹೆಸರುಕಾಳನ್ನು ಒಕ್ಕಲಿಗರು ಎತ್ತಿಕೊಂಡು ಹೋಗಿದ್ದರು. ರಸ್ತೆ ಪೂರ್ತಿ ಖಾಲಿ ಇತ್ತು. ಹತ್ತು ನಿಮಿಷ ಕಳೆಯಿತು. ಅರ್ಧ ನಿಮಿಷ ತಡಮಾಡಿದ. ಮತ್ತೆ ಅರ್ಧ ನಿಮಿಷ. ಒಳಗಿನಿಂದ ಪ್ರಾಂಶುಪಾಲರು "ಹೊಳಿಯಪ್ಪಾ, ಗಂಟಿ!" ಎಂದು ಕೂಗಿದ ಮೇಲೆ ಬಾರಿಸಿದ. ಯಾರೂ ಓಡಿ ಬರಲಿಲ್ಲ.

ಜ್ವರ ಬಂದಿರಬೇಕು ಅಂದುಕೊಂಡ. ಚಹಾ ಒಯ್ದಾಗ ಪ್ರಾಂಶುಪಾಲರ ಕೋಣೆಯಲ್ಲಿ ರಮಜಾನಸಾಬ ಸರ್ ಕುಳಿತಿದ್ದರು. ಬಿಸಿಲಿಗೆ ಮುಖ ಇನ್ನೂ ಕಪ್ಪಾಗಿತ್ತು.

"ಹುಡುಗೀರ ತಂಡಕ್ಕ ಆರು ಮಂದಿ ಬೇಕಿತ್ರಿ ಸರ್," ಅವರು ಹೇಳುತ್ತಿದ್ದರು. "ಓಡಾಕ ಬಂದಾಕಿಗೋಳು ಐದು ಮಂದಿ! ಐದೂ ಮಂದಿನ್ನ ತಗೊಂಡ್ರು. ಅದರಾಗ ಇಬ್ಬರು ಬರಿಗಾಲಾಗ ಓಡಿದ್ರು. ಒಬ್ಬಾಕಿ ಕಡೀ ಎರಡು ಕಿಲೋಮೀಟರ್ ನಡಕೋತ ಬಂದ್ಲು, ಆಕಿನ್ನೂ ತಗೊಂಡ್ರು. ಆರನೇ ಜಾಗಾ ಖಾಲಿ. ತಂಡದಾಗ ಬಂದವ್ರಿಗೆ ಧಾರವಾಡದಾಗ ಹಾಸ್ಟೆಲ್ಲು, ತರಬೇತಿ, ಫೀಸ ಮಾಫಿ. ನಮ್ಮ ಕಾಲೇಜಿನಿಂದ ಒಂದು ಹುಡುಗಿ ಹೆಸರು ಬರ್ಲಿಲ್ಲಲ್ರಿ, ಹೊಸ ಹುಡುಗೀರು ಇನ್ನೂರು ಮಂದಿ ಅದಾರ! ಹೊಳಿಯಪ್ಪಾ, ನೋಟಿಸು ಎಲ್ಲಾ ಕ್ಲಾಸಿಗೂ ಹೋಗಿತ್ತೋ ಇಲ್ಲೋ?"

"ಹೋಗಿತ್ರಿ ಸರ್," ಅಂದ ಹೊಳಿಯಪ್ಪ. ಚಹಾದ ಕಪ್ಪು ಮೇಜಿನ ಮೇಲಿಟ್ಟ. "ಈಗಿನ ಹುಡುಗೀರ್ರಿ... ಕಾಲಿಗೆ ಧೂಳು ಹತ್ತಬಾರ್ದು ಅವ್ರಿಗೆ."

ಹಾಗೆಂದು ಹೊರಗೆ ಬಂದ. ವರಾಂಡದಲ್ಲಿ ನೋಟಿಸು ಪುಸ್ತಕ ಬೆಂಚಿನ ಮೇಲೇ ಇತ್ತು. ಅದನ್ನು ಎತ್ತಿಕೊಂಡನಾದರೂ ಬಿಚ್ಚಿ ನೋಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಅವತ್ತಿನ ನೋಟಿಸನ್ನು, ರಕ್ತದಾನ ಶಿಬಿರದ್ದು, ತಾನು ಓದದೆ ಮೇಷ್ಟ್ರ ಕೈಗೆ ಕೊಟ್ಟು ಬಾಗಿಲಲ್ಲಿ ನಿಂತ. ಮೇಷ್ಟ್ರು ಆಶ್ಚರ್ಯದಿಂದ ನೋಡಿ, ತಾವೇ ಓದಿದರು. ಹುಡುಗರು "ಕಾಕಾ, ಬಾಯಿ ಬಿದ್ದೈತೇನು?" ಎಂದು ಕೂಗಿದರು.

ಸಂಜೆ ಐದಕ್ಕೆ ಮೊಪೆಡ್ಡು ಪುರ್ತಗೇರಿಯ ದಾರಿ ಬಿಟ್ಟು ನೇಕಾರ ಓಣಿಗೆ ತಿರುಗಿತು. ದಾರಿಯುದ್ದಕ್ಕೂ ಹೊಳಿಯಪ್ಪ ಏನು ಹೇಳಬೇಕೆಂದು ಹೊಂದಿಸುತ್ತ ಬಂದ. ಓಣಿಯ ಬಾಯಿಗೆ ಬರುವಷ್ಟರಲ್ಲಿ ಒಂದು ಚಂದದ ಸಂಗತಿ ತಯಾರಾಗಿತ್ತು.

ವೀರವ್ವನ ಮನೆಯ ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ಒಂದರ ಕುಣಿಯಲ್ಲಿ ಕಾಲಿಳಿಬಿಟ್ಟು ವೀರವ್ವ ನೇಯುತ್ತಿದ್ದಳು. ಲಾಳಿ ಈ ಕಡೆಯಿಂದ ಆ ಕಡೆಗೆ ಟಕ್ ಟಕ್ ಎನ್ನುತ್ತ ಹೋಗಿ ಬರುತ್ತಿತ್ತು. ಇನ್ನೊಂದರ ಮುಂದೆ ನಾಗರತ್ನಾ ಬಗ್ಗಿ ಕುಳಿತಿದ್ದಳು. ಅಕ್ಕ ಬಿಟ್ಟುಹೋದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಉದ್ದನೆಯ ಎಳೆಗಳನ್ನು, ಒಂದಕ್ಕೊಂದು, ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಕೂಡಿಸುತ್ತಿದ್ದಳು. ಸಾವಿರಾರು ಎಳೆ. ಅರ್ಧದಷ್ಟು ಮುಗಿದಿತ್ತು.

"ಬರ್ರಿ ಅಣ್ಣಾರ," ಅಂದಳು ವೀರವ್ವ, ಕೈ ನಿಲ್ಲಿಸದೆ. "ಕುಂದರ್ರಿ."

ಹೊಳಿಯಪ್ಪ ನಿಂತೇ ಸುರುಮಾಡಿದ. "ಏನವಾ ನಾಗವ್ವಾ, ಕಾಲೇಜಿಗೆ ಬರ್ಲಿಲ್ಲ? ಅಲ್ಲಿ ನಿನ್ನ ಸಲುವಾಗಿ ನಾ ಏನ ಮಾಡಿ ಬಂದೀನಿ ಗೊತ್ತೈತೇನು? ನೆಟ್ಟಗ ಧಾರವಾಡಕ್ಕ ಫೋನ್ ಹಚ್ಚಿದೆ. ಕುಲಪತಿಗಳು ಖುದ್ದು ಎತ್ತಿದ್ರು. ಸಾಹೇಬ್ರ, ನಮ್ಮಲ್ಲಿ ಒಂದು ಹುಡುಗಿ ಐತ್ರಿ, ಬಸ್ಸು ನಾಚೂಹಂಗ ಓಡ್ತಾಳ ಅಂದೆ. ಅಂಥಾಕಿ ಸಲುವಾಗಿ ಇನ್ನೊಮ್ಮೆ ಓಟ ಇಡೂಣು ಹೊಳಿಯಪ್ಪನವ್ರ, ಅಂದ್ರು..."

ನಾಗರತ್ನಾ ಎಳೆ ಬಿಟ್ಟಳು. ಬೆರಳನ್ನು ಲಂಗದ ತುದಿಗೆ ಒರೆಸಿಕೊಂಡು, ಪಕ್ಕದಲ್ಲಿದ್ದ ಮೊಬೈಲು ತೆಗೆದು, ಏನೋ ಹುಡುಕಿ, ಅವನ ಮುಂದೆ ಹಿಡಿದಳು.

"ನಿನ್ನೆ ನಮ್ಮ ಗ್ರೂಪು ಮಾಡಿದ್ರು ಕಾಕಾ. ಶರತಣ್ಣ ಹಿಂದಿನವೆಲ್ಲಾ ನೋಟಿಸು ಹಾಕ್ಯಾನ. ಇದನ್ನ ಓದ್ರಿ. ಅವ್ವಗ ಕೇಳೂಹಂಗ ಓದ್ರಿ."

ಹೊಳಿಯಪ್ಪ ಕನ್ನಡಕ ಹುಡುಕಿದ. ಅಂಗಿಯ ಕಿಸೆಯಲ್ಲೇ ಇತ್ತು. ಸಿಗಲು ಬಹಳ ಹೊತ್ತು ಹಿಡಿಯಿತು. ಕೆಂಪು ರಟ್ಟಿನ ಪುಸ್ತಕದ ಅದೇ ಹಾಳೆಯ ಫೋಟೋ. ರಮಜಾನಸಾಬ ಸರ್ ಅವರ ದುಂಡನೆಯ ಅಕ್ಷರ.

"ಬರುವ ಶನಿವಾರ ನರಗುಂದದಲ್ಲಿ..." ಎಂದು ಸುರುಮಾಡಿದ.

"ಕೇಳವಲ್ತು ಅಣ್ಣಾರ," ವೀರವ್ವ ಲಾಳಿಯ ಸದ್ದಿನ ಆಚೆಯಿಂದ ಹೇಳಿದಳು. "ಜೋರ ಓದ್ರಿ."

ದನಿ ಏರಲಿಲ್ಲ. ವೀರವ್ವ ಮಗ್ಗ ನಿಲ್ಲಿಸಿದಳು.

"ಬರುವ ಶನಿವಾರ ನರಗುಂದದಲ್ಲಿ ವಿಶ್ವವಿದ್ಯಾಲಯದ ಗುಡ್ಡಗಾಡು ಓಟದ ತಂಡಕ್ಕೆ ಆಯ್ಕೆ ನಡೆಯಲಿದೆ. ಆಸಕ್ತರು ಗುರುವಾರ ನಾಲ್ಕು ಗಂಟೆಯೊಳಗೆ ಕ್ರೀಡಾ ನಿರ್ದೇಶಕರಲ್ಲಿ ಹೆಸರು ಕೊಡಬೇಕು. ದೂರ: ಹುಡುಗಿಯರಿಗೆ ಆರು ಕಿಲೋಮೀಟರ್. ಹೊಸದಾಗಿ..." ನಿಂತ. ಮತ್ತೆ ಓದಿದ. "ಹೊಸದಾಗಿ ಸೇರಿದವರೂ, ಮೊದಲ ಸಲ ಓಡುವವರೂ ಭಾಗವಹಿಸಬಹುದು."

"ದಿಲ್ಲಿಯವ್ರು ಎಲ್ಲದಾರ್ರಿ ಅದರಾಗ?" ನಾಗರತ್ನಾ ಕೇಳಿದಳು. ಸಿಟ್ಟಿನಿಂದಲ್ಲ, ಹುಡುಕಿ ಸಿಗದೆ ಕೇಳುವ ಹಾಗೆ. "ಬೂಟಿನ ಮಾತು ಎಲ್ಲೈತ್ರಿ? ನಾ ರಾತ್ರಿಯೆಲ್ಲಾ ನೋಡಿದೆ. ಹಾಳಿ ಹಿಂದ ಏನರ ಬರದಿತ್ತೇನ್ರಿ?"

"ಇಲ್ಲವ್ವಾ."

"ನರಗುಂದದ ಫೋಟೋನೂ ಹಾಕ್ಯಾರ. ಐದು ಮಂದಿ ನಿಂತಾರ. ಇಬ್ರ ಕಾಲಾಗ ಏನೂ ಇಲ್ಲ." ಎಳೆಗಳನ್ನು ನೋಡುತ್ತ ಹೇಳಿದಳು. "ಅವತ್ತು ಮಗ್ಗ ಇರ್ಲಿಲ್ಲ. ಹೊತ್ತ ಹೋಗ್ಲಿಲ್ಲಂತ ನಮ್ಮೂರ ಗಾಳಿಯಂತ್ರದ ಗುಡ್ಡಕ್ಕ ಒಬ್ಬಾಕಿನ ಓಡಿ ಹತ್ತಿ ಇಳದು ಬಂದೆ, ಎರಡು ಸಲ. ಅಷ್ಟ ಆಗ್ತಿತ್ತೇನೋ ಆರು ಕಿಲೋಮೀಟರ್."

ವೀರವ್ವ ಕುಣಿಯಿಂದ ಮೇಲೆ ಬಂದು ಕಟ್ಟೆಯ ಮೇಲೆ ಕುಳಿತಳು. ಅವಳ ಮುಖದಲ್ಲಿ ಜಗಳದ ಸುಳಿವಿರಲಿಲ್ಲ. ಇದ್ದಿದ್ದರೆ ಹೊಳಿಯಪ್ಪನಿಗೆ ಉಸಿರಾಡಲು ಬರುತ್ತಿತ್ತು.

"ರಮಜಾನಸಾಬ ಸರ್ ಕಡೆ ಈಗ ಹೋಗ್ತೀನಿ ವೀರವ್ವಾ," ಅಂದ. "ಇನ್ನೂ ಒಂದು ಜಾಗಾ ಖಾಲಿ ಐತಿ..."

"ಶರತಣ್ಣನ್ನ ಕೇಳಿದೆ," ನಾಗರತ್ನಾ ಹೇಳಿದಳು. "ಹೆಸರು ಅವತ್ತ ಕಳಿಸಿಬಿಟ್ಟಾರಂತ. ಇನ್ನ ಮುಂದಿನ ವರ್ಷಾನ."

"ಹಂಗಾರ ಮುಂದಿನ ವರ್ಷ. ಇವತ್ತಿಂದ ನಾನ ಆಕಿನ್ನ..."

"ಹಾಸು ಕೂಡಸಾಕ ಸುರು ಮಾಡೀವ್ರಿ ಅಣ್ಣಾರ," ಅಂದಳು ವೀರವ್ವ. "ನಾಕು ಸೀರಿ ಹಾಸು. ಒಮ್ಮೆ ಕೂಡಿಸಿದ ಮ್ಯಾಲೆ ಮುಗಿಯೂತನ ಬಿಟ್ಟ ಏಳಾಕ ಬರೂದಿಲ್ಲ. ಮಾಲಕಗ ಮಾತು ಕೊಟ್ಟಂಗ. ಮುಗಿಯೂದ್ರಾಗ ದಸರಾ ಬರ್ತೈತಿ. ಅಲ್ಲೀತನ ಕಾಲೇಜಿನ ಹಾಜರಿ ಎಲ್ಲಿಂದ ತರೂದು? ಅಮಾಸಿತನ ಅಂತ ನಾ ಹೇಳಿದ್ದೆ. ಹಾದಿ ಬರ್ಲಿಲ್ಲ ಅಂತ ತಿಳ್ಕೊಂಡೆ." ಮತ್ತೆ ಮೆಲ್ಲಗೆ ಅಂದಳು: "ಬಂದಿತ್ತು. ನಮಗ ಗೊತ್ತಾಗ್ಲಿಲ್ಲ."

"ನಾ ನಿಮ್ಮನ್ನ ಕೇಳಿದ್ನೆಲ್ರಿ ಕಾಕಾ," ಅಂದಳು ನಾಗರತ್ನಾ. "ಗುರುವಾರ, ಕಟ್ಟಿ ಮುಂದ. ಬರಸಬೇಕಂತನ ಬಂದಿದ್ದೆ."

ಹೊಳಿಯಪ್ಪ ಮೊಬೈ‌ಲನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಮರಳಿಸಿದ. ನೆಲದ ಮೇಲೆ ಕುಳಿತ. ಅವಳು ಹೊಸೆದ ಎಳೆಗಳು ಅವನ ಕಣ್ಣಿನ ಎತ್ತರಕ್ಕಿದ್ದವು. ಒಂದೊಂದು ಕೂಡಿಕೆಯೂ ಸಾಸಿವೆಗಿಂತ ಸಣ್ಣದಾಗಿ, ಸಾಲಾಗಿ ಕಾಣುತ್ತಿತ್ತು.

"ಕೇಳಿದ್ದಿ," ಅಂದ. "ಅವತ್ತ ನನಗ ಗೊತ್ತಿತ್ತು. ನೀ ಓಡೂದ್ನ ದಿನಾ ನಾನ ನೋಡ್ತಿದ್ದೆ, ಮತ್ತ್ಯಾರಿಗೆ ಗೊತ್ತಿರ್ಬೇಕು? ಇಲ್ಲವ್ವಾ, ಹೋಗು ಅಂತ ಅನ್ನಾಕ ಬಾಯಿಗೆ ಬಂದಿತ್ತು. ಆ ಹುಡುಗ್ರು ನಗ್ತಾರಂತ ನುಂಗಿದೆ. ಕಡೀ ಸಾಲೂ ಓದ್ಲಿಲ್ಲ. ಮರ್ತಲ್ಲ, ಬೇಕಂತನ ಬಿಟ್ಟೆ. ಯಾರರ ಬರಬಹುದು ಅಂದ್ರ ನಾ ಓದೂದ್ರಾಗ ಮಜಾ ಏನ ಉಳೀತು ಅಂತ." ಟೋಪಿ ತೆಗೆದು ಮೊಣಕಾಲ ಮೇಲಿಟ್ಟ. "ಕುಲಪತಿಗಳು ಫೋನ್ ಎತ್ತಿಲ್ಲ. ನಾ ಹಚ್ಚೂ ಇಲ್ಲ. ಅವ್ರ ನಂಬರ ನನಗ ಯಾರ ಕೊಡ್ತಾರ? ಸರ್ ಮುಂದ ಇವತ್ತು, ಹುಡುಗೀರಿಗೆ ಕಾಲಿಗೆ ಧೂಳು ಹತ್ತಬಾರ್ದು ಅಂದೆ. ಅದನ್ನ ನಾಳೆ ಹೋಗಿ ಹೊಳ್ಳಿ ಹೇಳ್ತೀನಿ, ನಿನ್ನ ಹೆಸರು ತಗೊಂಡು ಹೇಳ್ತೀನಿ. ಅದರಿಂದ ಈ ಎಳಿ ಬಿಚ್ಚೂದಿಲ್ಲ, ಗೊತ್ತೈತಿ."

ಪಕ್ಕದ ಮನೆಯ ಮಗ್ಗದ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು.

"ನರಗುಂದದಾಗ ಗುಡ್ಡ ಎಷ್ಟೆತ್ತರ ಐತ್ರಿ ಕಾಕಾ?" ನಾಗರತ್ನಾ ಎಳೆಗಳ ಕಡೆಗೆ ತಿರುಗುತ್ತ ಕೇಳಿದಳು.

"ನನಗ ಗೊತ್ತಿಲ್ಲವ್ವಾ. ಒಮ್ಮೆ ಬೆಳಗಾವಿಗೆ ಹೋಗೂ ಬಸ್ಸಿನ್ಯಾಗ ನರಗುಂದ ದಾಟೀನಿ. ನಿದ್ದಿ ಹತ್ತಿತ್ತು, ನೋಡಿಲ್ಲ." ಅವನು ಟೋಪಿಯ ಅಂಚನ್ನು ತಿರುವುತ್ತ ಕುಳಿತ. "ಅರ್ಜಿ ಬಂದದ್ದು, ಎಮ್ಮಿ ಬೆದರಿದ್ದು, ಎಲ್ಲಾ ಸುಳ್ಳು. ನನ್ನ ದನಿ ನರಗುಂದದಾಗ ಯಾರಿಗೂ ಕೇಳಿಲ್ಲ. ನಂಬಿ ಕೇಳಿದಾಕಿ ನೀ ಒಬ್ಬಾಕಿ."